ಡಾಕ್ಟರಮ್ಮ ಹೇಳಿದ ಕರು

“ಕರು ತಂಗಲೆಮ್ಮಾ. ಅದುದಾನ್ ವಿಷಯಂ,” ಎಂದರು ಡಾಕ್ಟರಮ್ಮ, ಕೈಯಲ್ಲಿದ್ದ ಕಾಗದದಿಂದ ಕಣ್ಣೆತ್ತದೆ.

ಬೆಂಚಿನ ತುದಿಯಲ್ಲಿ ಕೂತಿದ್ದ ಕಾಮಾಕ್ಷಿಯಮ್ಮಾಳ್ ಚೇಳು ಕುಟುಕಿದವಳ ಹಾಗೆ ಎದ್ದು ನಿಂತಳು. ಪಕ್ಕದಲ್ಲಿದ್ದ ಸೊಸೆಯ ರಟ್ಟೆ ಹಿಡಿದು ಅಲುಗಿಸಿದಳು. “ಕೇಳ್ದಾ ಪಾಪಾ? ಕರು ತಂಗ್ಲಿಲ್ಲಾಂತ ಏಳ್ತಾರೆ! ನಮ್ಮಟ್ಟಿ ಕರು ಸುದ್ದಿ ಇವ್ರಿಗೆ ಯಾರು ಏಳಿದ್ದು? ಸಾಮಿ ದಾ ಏಳಿರ್ಬೇಕು. ಸಾಮಿ ದಾ!”

ಸೊಸೆ ಪಾಪಮ್ಮಾಳಿಗೆ ತಕ್ಷಣಕ್ಕೆ ಏನೂ ಹೊಳೆಯಲಿಲ್ಲ. ಓಡೈಪಟ್ಟಿಯಿಂದ ಮೊದಲ ಬಸ್ಸು ಹಿಡಿದು, ತೇನಿಯಲ್ಲಿ ಇಳಿದು ಇನ್ನೊಂದು ಹತ್ತಿ, ದಿಂಡುಕಲ್ಲಿನ ಈ ಹೆಂಗಸರ ಆಸ್ಪತ್ರೆ ಸೇರುವಷ್ಟರಲ್ಲಿ ತಲೆ ಧಿಮ್ಮೆನ್ನುತ್ತಿತ್ತು. ಹೋದ ವಾರ ತೋಳಿನಿಂದ ತೆಗೆದ ರಕ್ತ ಏನು ಹೇಳಿತೋ ಎಂಬುದೊಂದೇ ಅವಳ ಚಿಂತೆ.

ಡಾಕ್ಟರಮ್ಮನ ತಮಿಳಿನಲ್ಲಿ ಕರು ಎಂದರೆ ಬಸಿರಲ್ಲಿ ಮೊಳೆಯುವ ಪಿಂಡ. ಅದು ತಂಗಲಿಲ್ಲ, ಅಂದರೆ ಉಳಿಯಲಿಲ್ಲ. ಪಾಪ, ಅವರು ಹೇಳಿದ್ದು ಅಷ್ಟೇ. ಆದರೆ ಎಷ್ಟೋ ತಲೆಮಾರಿನ ಹಿಂದೆ ಕನ್ನಡ ಸೀಮೆ ಬಿಟ್ಟು, ದನ ಹೊಡೆದುಕೊಂಡು ಈ ಕಂಬಂ ಕಣಿವೆಗೆ ಇಳಿದ ಒಕ್ಕಲು ಇವರದು. ಹೊಸಿಲಿನಾಚೆ ತಮಿಳು, ಹೊಸಿಲಿನೊಳಗೆ ಇಂದಿಗೂ ಕನ್ನಡ, ‘ತಾನೇ’ ಅನ್ನುವ ಕಡೆ ತಮಿಳಿನ ‘ದಾ’ ಹೊಕ್ಕ ಕನ್ನಡ. ಒಳಗೆ ಕರು ಎಂದರೆ ಕೊಟ್ಟಿಗೆಯ ಕರು, ಮತ್ತೇನೂ ಅಲ್ಲ.

ಕಾಮಾಕ್ಷಿಯಮ್ಮಾಳಿಗೆ ತಮಿಳು ಬರುತ್ತಿರಲಿಲ್ಲ ಅಂತಲ್ಲ. ಸಂತೆಯ ತಮಿಳು, ಜಗಳದ ತಮಿಳು ಎರಡೂ ನೀರು ಕುಡಿದಷ್ಟು ಸಲೀಸು. ಆಸ್ಪತ್ರೆಯ ತಮಿಳು ಮಾತ್ರ ಕಿವಿಗೆ ಹೊಸದು. ಮೇಲಾಗಿ ಒಂದು ಕರು ಒಂಬತ್ತು ವರ್ಷದಿಂದ ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಮಗ ಕರುಪ್ಪಯ್ಯನ ಮದುವೆಗೆ ಹರಕೆ ಹೊತ್ತು, ಕೆಂದ ಹಸುವಿನ ಚೊಚ್ಚಲ ಕರುವನ್ನು ಕಂಬಂನ ದೇವರ ಮಂದೆಗೆ ಬಿಟ್ಟುಬಂದಿದ್ದರು. ದೇವರಿಗೆ ಬಿಟ್ಟದ್ದು ದೇವರದು, ಅದರ ಹಾಲು ಸಹ ಯಾರೂ ಮುಟ್ಟುವಂತಿಲ್ಲ. ಆ ಕರುವೋ, ಬೆಟ್ಟದಡಿ ಮೇಯುತ್ತಿದ್ದ ಮಂದೆ ತಪ್ಪಿಸಿಕೊಂಡು, ಎಂಟನೇ ದಿನ ಮೈಯೆಲ್ಲ ಧೂಳು ಮಾಡಿಕೊಂಡು ಬಾಗಿಲಿಗೆ ಬಂದು ನಿಂತಿತು. ತಿರುಗಿ ಬಿಟ್ಟುಬರೋಣ ಎಂದು ಅವಳು ಎಷ್ಟು ಬಡಿದುಕೊಂಡರೂ ಗಂಡ ಕೇಳಲಿಲ್ಲ. ತಾನಾಗಿ ಬಂದದ್ದನ್ನು ಯಾಕೆ ಓಡಿಸುತ್ತೀ ಎಂದು ನಕ್ಕು ಗೂಟಕ್ಕೆ ಕಟ್ಟಿದ. ಆ ಮನುಷ್ಯ ಈಗಿಲ್ಲ. ಕರು ಬೆಳೆದು, ಹಾಲು ಕೊಟ್ಟು, ಅದೂ ಸತ್ತಿತು. ಕಾಮಾಕ್ಷಿಯಮ್ಮಾಳಿಗೆ ಮಾತ್ರ ಸೊಸೆಯ ಹೊಟ್ಟೆ ಒಂದೊಂದು ಸಲ ಬರಿದಾದಾಗಲೂ ಬಾಗಿಲಲ್ಲಿ ಆ ಕರು ಬಂದು ನಿಂತ ಹಾಗೆಯೇ ಕಾಣುತ್ತಿತ್ತು. ಈಗ ನೋಡಿದರೆ ದಿಂಡುಕಲ್ಲಿನಲ್ಲಿ, ಗುರುತು ಪರಿಚಯ ಇಲ್ಲದ ಹೆಂಗಸು, ಕಾಗದ ನೋಡಿ ಅದನ್ನೇ ಓದಿ ಹೇಳುತ್ತಿದ್ದಾಳೆ!

“ನಾ ಆಚೆ ಇರ್ತೀನಿ. ನೀ ಕೈ ಮುಗ್ದು ಬಾ,” ಎಂದು ಅವಳು ಹೊರಗೆ ಬೇವಿನ ಮರದಡಿಗೆ ಹೋಗಿ, ಕಂಬಂ ಯಾವ ದಿಕ್ಕೆಂದು ಯಾರನ್ನೋ ಕೇಳಿ, ಆ ಕಡೆ ತಿರುಗಿ ನಿಂತಳು. ಆ ಮುದುಕಿ ಇನ್ನೆರಡು ನಿಮಿಷ ಕೂತಿದ್ದರೆ ಎಷ್ಟು ಅನಾಹುತ ತಪ್ಪುತ್ತಿತ್ತೋ ಏನೋ. ಉಳಿದ ಮಾತೆಲ್ಲ ಪಾಪಮ್ಮಾಳ ಎರಡು ಕಿವಿಗೆ ಮಾತ್ರ ಬಿತ್ತು.

“ನಿನ್ನ ರಕ್ತದಲ್ಲಿ ಕಾಯಿಲೆ ಇದೆಯಮ್ಮಾ,” ಎಂದು ಡಾಕ್ಟರಮ್ಮ ತಮಿಳಿನಲ್ಲಿ ನಿಧಾನವಾಗಿ ಹೇಳಿದರು. “ನಿಮ್ಮ ಕಡೆ ಪರಂಗಿ ಹುಣ್ಣು ಅನ್ನುತ್ತಾರಲ್ಲ, ಅದು.”

“ನನಗೆ ಹುಣ್ಣೇ ಆಗಲಿಲ್ಲವೇ.”

“ಆಗಿ ಮಾಯ್ದಿರುತ್ತೆ, ನಿನಗೆ ಗೊತ್ತಾಗಿರಲ್ಲ. ಒಳಗೆ ಉಳಿದಿದೆ. ಇದು ಗಾಳಿಯಲ್ಲಿ ಬರೋ ಕಾಯಿಲೆ ಅಲ್ಲ. ಹಾಸಿಗೆಯಲ್ಲಿ ನಿನ್ನ ಗಂಡನಿಂದ ಬಂದದ್ದು.”

ಪಾಪಮ್ಮಾಳ್ ತಲೆ ತಗ್ಗಿಸಿದಳು. ಮೊದಲನೆಯದು ಆರು ತಿಂಗಳಿಗೆ ಹೋಯಿತು, ಎರಡನೆಯದು ಏಳಕ್ಕೆ. ಮೂರನೆಯದು ಹೆಣ್ಣು, ಉಸಿರಿದ್ದೇ ಹುಟ್ಟಿತು. ಮುದುಕರ ಮುಖ, ಕಟ್ಟಿದ ಮೂಗು, ಅಂಗೈ ಅಂಗಾಲಿನ ಚರ್ಮ ಬಿಸಿನೀರಲ್ಲಿ ಬೆಂದ ಹಾಗೆ ಸುಲಿಯುತ್ತಿತ್ತು. ಎಂಟು ದಿನ ಇತ್ತು. ನಾಲ್ಕನೆಯದು ಹೋದ ಮಳೆಗಾಲದಲ್ಲಿ, ಸತ್ತೇ ಬಂತು. ಇಷ್ಟಕ್ಕೂ ತನ್ನ ಹೊಟ್ಟೆಯೇ ಸುಡುಗಾಡು ಎಂದು ನಂಬಿ ನಂಬಿ ಅವಳಿಗೆ ರೂಢಿಯಾಗಿಬಿಟ್ಟಿತ್ತು.

“ಹೆಂಗಸಿನ ಒಳಗೂ ಮೊಟ್ಟೆ ಇರುತ್ತೆ, ಸಾಸಿವೆಗಿಂತ ಸಣ್ಣದು,” ಎಂದರು ಡಾಕ್ಟರಮ್ಮ. “ನಿನ್ನ ಮೊಟ್ಟೆಗೇನೂ ಆಗಿಲ್ಲ. ಗರ್ಭಚೀಲ ಚೆನ್ನಾಗಿದೆ. ವಯಸ್ಸು ಇಪ್ಪತ್ತಾರು, ಅದೂ ಮೀರಿಲ್ಲ. ಎಲ್ಲ ಇದ್ದೂ ರಕ್ತ ಕೆಟ್ಟರೆ ಬಂದದ್ದು ನಿಲ್ಲಲ್ಲ. ವಾರಕ್ಕೊಂದರಂತೆ ಮೂರು ಊಸಿ, ಸೂಜಿಮದ್ದು, ಹಾಕ್ತೀನಿ. ನಿನಗೂ, ಅವನಿಗೂ. ಒಬ್ಬರಿಗೇ ಹಾಕಿದರೆ ಹಾಕಿದ್ದೂ ದಂಡ.”

ಪಾಪಮ್ಮಾಳ್ ಸೆರಗಿನ ಅಂಚು ತಿರುಚಿದಳು. ಬರುವಾಗ ಬಸ್ಸಿನಲ್ಲಿ ಅತ್ತೆ ಆಡಿದ ಮಾತನ್ನು ಎತ್ತಿದಳು. “ನನ್ನ ತಂಗಿಯನ್ನೂ ನಮ್ಮ ಮನೆಗೇ ತರಬೇಕು ಅಂತಾರೆ ಅಮ್ಮಾ. ನನ್ನ ಬದಲು ಅವಳು ಹೆತ್ತುಕೊಟ್ಟರೆ?”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಯಾರ ಮೊಟ್ಟೆ, ಯಾರ ಹೊಟ್ಟೆ ತಂದರೂ ಅವನಿಗೆ ವಾಸಿಯಾಗದೆ ಮಗು ಉಳಿಯಲ್ಲ. ಅವಳಿಗೂ ಇದೇ ಕಾಯಿಲೆ ತಗುಲುತ್ತೆ. ಈಗ ಒಬ್ಬಳು ಬಂದಿದ್ದೀ, ಆಮೇಲೆ ಇಬ್ಬರು ಬರ್ತೀರಿ. ಅವನನ್ನು ಮೊದಲು ಕರಕೊಂಡು ಬಾ.”

ಮೊದಲ ಊಸಿ ಹಾಕಿಸಿಕೊಂಡು, ಗಂಡನ ಹೆಸರು ಬರೆದ ಚೀಟಿ ರವಿಕೆಯೊಳಗೆ ಇಟ್ಟುಕೊಂಡು ಅವಳು ಹೊರಗೆ ಬಂದಳು. ಅತ್ತೆಯ ಮುಖ ನೋಡಿದರೆ, ಅಬ್ಬಾ, ಹತ್ತು ವರ್ಷ ಚಿಕ್ಕವಳಾಗಿದ್ದಳು. ಬಸ್ಸು ವತ್ತಲಗುಂಡು ದಾಟುವವರೆಗೂ ಬಾಯಿ ಮುಚ್ಚಲಿಲ್ಲ. ಯಾವ ಹಸುವಿನ ಕರು, ಯಾವ ದಿನ, ಯಾರ ಗಾಡಿ, ಎಲ್ಲ ಅಲ್ಲಿಯೇ ತೀರ್ಮಾನವಾಯಿತು. ಮದುವೆಯಾಗಿ ಬಂದಮೇಲೆ ಮೊದಲ ಸಲ, ಬೆಟ್ಟದ ಬಾಳೆಹಣ್ಣು ಕೊಂಡು, ಸಿಪ್ಪೆ ತಾನೇ ಸುಲಿದು ಸೊಸೆಯ ಕೈಗಿಟ್ಟಳು. ಪಾಪಮ್ಮಾಳ್ ಹೇಳಲೆಂದೇ ಬಾಯಿ ತೆರೆದಳು. “ತಿನ್ನು ಕಣ್ಣು, ತಿನ್ನು,” ಎಂದು ಮುದ್ದು ಮಾಡಿದಳು ಅತ್ತೆ. ಅವಳು ತಿಂದಳು.

ಗಂಡನಿಗೆ ಹೇಳಿದ್ದು ಮಾರನೆಯ ದಿನ, ದ್ರಾಕ್ಷಿ ಚಪ್ಪರದ ಕೆಳಗೆ. ಕರುಪ್ಪಯ್ಯ ಕೈಯೆತ್ತಿ ಬಳ್ಳಿಯ ತುದಿಯನ್ನು ತಂತಿಗೆ ಕಟ್ಟುತ್ತಿದ್ದ. ಕೆಟ್ಟ ಮನುಷ್ಯನಲ್ಲ ಅವನು. ಕುಡಿದು ಬಂದವನಲ್ಲ, ಕೈ ಎತ್ತಿದವನಲ್ಲ. ಸುಗ್ಗಿ ಮುಗಿದ ಮೇಲೆ ಗಾಡಿ ಕಟ್ಟಿಕೊಂಡು ಬೆಟ್ಟದ ಮೇಲಿನ ಏಲಕ್ಕಿ ತೋಟಗಳಿಗೆ ಅಕ್ಕಿ ಹೊಡೆದು ಎರಡೆರಡು ವಾರ ಅಲ್ಲೇ ಇದ್ದು ಬರುತ್ತಿದ್ದ, ಅಷ್ಟೇ. ಅವಳು ಎಲ್ಲ ಹೇಳಿ ಮುಗಿಸುವವರೆಗೂ ಅವನು ಕಟ್ಟುತ್ತಲೇ ಇದ್ದ.

“ಯಾರಿಗೆ ಏಳ್ದೆ?” ಎಂದು ಕೇಳಿದ.

ಪಾಪಮ್ಮಾಳಿಗೆ ತಟ್ಟನೆ ಹೊಳೆಯಿತು. ಏನೂ ಅರಿಯದ ಗಂಡಸು ಮೊದಲು ಕೇಳುವ ಮಾತೇ ಇದು? ನನಗಾ? ನನಗೇನು ಬಂದಿದೆ? ಎಂದು ಹೌಹಾರಬೇಕಿತ್ತು, ಬೈಯಬೇಕಿತ್ತು. ಇವನಿಗೆ ಗೊತ್ತಿತ್ತು. ನಾಲ್ಕು ಕೂಸನ್ನು ಬೇಲಿಯಾಚೆ ಗುಂಡಿ ತೋಡಿ ಮುಚ್ಚಿದ ಈ ಕೈಗೆ ಗೊತ್ತಿತ್ತು.

“ಯಾರಿಗೂ ಇಲ್ಲ ಮಾವ. ನಿಮ್ಗೇ ಮೊದ್ಲು.” ಗಂಡನನ್ನು ಮಾವ ಎಂದೇ ಕರೆಯುವುದು ಆ ಕಡೆಯ ರೂಢಿ.

“ಅದು ಎಂದೋ ವಾಸಿ ಆಯ್ತು. ಮೇಲೆ ತೋಟದ ಕಂಪೌಂಡರು ಮಾತ್ರೆ ಕೊಟ್ಟಿದ್ದ.”

“ವಾಸಿ ಆಗ್ಲಿಲ್ಲ ಮಾವ. ಮೂರೇ ಊಸಿ. ನಾನೂ ಬತ್ತೀನಿ ಜತೆಗೆ.”

“ಆ ಆಸ್ಪತ್ರಿ ಸಾಲಲ್ಲಿ ನಿಲ್ಲು ಅಂತೀಯಾ ನನ್ನ? ನಮ್ಮೂರೋರು ಒಬ್ರಾದ್ರೂ ಇಲ್ದ ದಿನ ಉಂಟಾ ದಿಂಡುಕಲ್ಲಲ್ಲಿ?” ಅವನು ಚೀಟಿ ಇಸಿದುಕೊಂಡು ನಾಲ್ಕು ಚೂರು ಮಾಡಿ, ಆಗತಾನೆ ನೀರು ಬಿಟ್ಟಿದ್ದ ಪಾತಿಯ ಕೆಸರಿನಲ್ಲಿ ಕಾಲಿಂದ ಒತ್ತಿದ. ಆಮೇಲೆ, ಬೇಡುವವನ ಹಾಗೆ, “ಅವ್ವ ಕರು ಬಿಡ್ತಾಳಲ್ಲ. ಬಿಡ್ಲಿ. ಸಾಮಿ ನೋಡ್ಕತ್ತಾನೆ,” ಎಂದ.

ಆ ಪೊಂಗಲಿಗೆ ಕರು ಬಿಟ್ಟರು. ಅರಿಶಿನ ಬಳಿದು, ಕೊರಳಿಗೆ ಹೂವಿನ ಸರ ಹಾಕಿ, ಕಂಬಂವರೆಗೂ ಗಾಡಿಯ ಹಿಂದೆ ನಡೆಸಿಕೊಂಡು ಹೋದರು. ಈ ಸಲ ಕರು ನಿಂತಿತು! ಮೂರನೇ ದಿನ ಹೋಗಿ ನೋಡಿದರು, ಇತ್ತು. ಎಂಟನೇ ದಿನ ನೋಡಿದರು, ಇತ್ತು. ತಿಂಗಳ ಮೇಲೆ ಕಾಮಾಕ್ಷಿಯಮ್ಮಾಳ್ ತಾನೇ ಹೋಗಿ ಹೆಸರು ಹಿಡಿದು ಕರೆದಳಂತೆ. ಅದು ತಲೆಯೆತ್ತಿ ನೋಡಿ, ಮತ್ತೆ ಮಂದೆಯೊಳಗೆ ಹೊಕ್ಕಿತಂತೆ. ಬಂದು ಇದನ್ನು ಬೀದಿಯಲ್ಲಿ ಹತ್ತು ಮನೆಗೆ ಹೇಳಿದಳು. ಉಳಿದ ಎರಡು ಊಸಿಗೆ ಹೋಗಬೇಕು ಎಂದು ಪಾಪಮ್ಮಾಳ್ ಮೂರು ಸಲ ಕೇಳಿದಳು. ಕರು ನಿಂತಮೇಲೆ ಊಸಿ ಯಾಕೆ, ಸಾಮಿಯ ಮೇಲೆ ನಂಬಿಕೆ ಇಲ್ಲವಾ ಎಂದು ಅತ್ತೆ ನಕ್ಕುಬಿಟ್ಟಳು.

ಚಿತ್ತಿರೆ ತಿಂಗಳಲ್ಲಿ ಮುಟ್ಟು ನಿಂತಿತು. ಮನೆಯಲ್ಲಿ ಯಾರೂ ಅವಳನ್ನು ಬಿಂದಿಗೆ ಎತ್ತಲು ಬಿಡಲಿಲ್ಲ. ಐದು ತಿಂಗಳು ಕಳೆದು, ಪುರಟ್ಟಾಸಿಯ ಒಂದು ಮಧ್ಯಾಹ್ನ, ಬೀಸುಕಲ್ಲಿನ ಹತ್ತಿರ ಕೂತಿದ್ದವಳಿಗೆ ಹೊಟ್ಟೆಯೊಳಗಿನ ಮಿಸುಕಾಟ ನಿನ್ನೆಯಿಂದ ಇಲ್ಲ ಎಂಬುದು ತಟ್ಟನೆ ಅರಿವಾಯಿತು. ಅವಳು ಯಾರಿಗೂ ಹೇಳದೆ ರಾಗಿ ಬೀಸುತ್ತ ಕೂತಳು. ಮೂರು ದಿನಕ್ಕೆ ಎಲ್ಲ ಮುಗಿಯಿತು. ಐದನೆಯದು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರೆಕಾಯಿ ಸುಲಿಯುತ್ತ, ಮಗಳಿಗೆ ಬುದ್ಧಿ ಹೇಳುವಷ್ಟು ಮೆತ್ತಗೆ ಹೇಳಿದಳು. “ಮೊದ್ಲು ಸಾಮಿ ಕುತ್ತ ಅಂತಿದ್ದೆ. ಈಗ ಕರು ನಿಂತ್ತು. ಸಾಮಿದು ಸಾಮಿಗೆ ಸೇರ್ತು. ಇನ್ನ ಉಳ್ದಿರೋ ದೋಷ ನಿನ್ ಒಟ್ಟೇಲಿ ದಾ ಪಾಪಾ. ನೀನೇ ಏಳು, ಬೇರೆ ಎಲ್ಲೈತೆ?”

ಎಂಥ ಲೆಕ್ಕಾಚಾರ! ಒಂದು ತಪ್ಪು ಮಾತಿನಿಂದ ಹೊರಟು, ಒಂದೂ ಹೆಜ್ಜೆ ತಪ್ಪದೆ, ನೇರ ಅವಳ ಹೊಟ್ಟೆಯವರೆಗೆ ಬಂದು ನಿಂತಿತ್ತು. ಆ ಡಾಕ್ಟರಮ್ಮ ಬಾಯಿಬಿಟ್ಟು ಹೇಳಿದ್ದು ಇದರ ಉಲ್ಟಾ ಎಂದು ಕೂಗಬೇಕು ಅನಿಸಿತು ಪಾಪಮ್ಮಾಳಿಗೆ. ಕೂಗಿದರೆ ಆ ಕಾಯಿಲೆಯ ಹೆಸರು ಹೇಳಬೇಕು. ಹೇಳಿದರೆ, ಯಾರಿಂದ ಯಾರಿಗೆ ಎಂದು ಊರು ಕೇಳುತ್ತದೆ, ಕೇಳಿ ಗಂಡಸಿನ ಮಾತನ್ನೇ ನಂಬುತ್ತದೆ. ಕೂಸಿಲ್ಲದ ಬಾಣಂತಿಗೆ ಆರೈಕೆ ಮಾಡಲು ತವರೂರು ತೇವಾರಂನಿಂದ ತಂಗಿ ಪಾಂಡಿಯಮ್ಮಾಳ್ ಬಂದು ಕೂತಿದ್ದಳು. ಇಂಥವಳ ತಂಗಿ ಎಂದಮೇಲೆ ಅವಳನ್ನು ಯಾರು ಕೇಳಿಕೊಂಡು ಬರುತ್ತಾರೆ?

ಪಾಂಡಿಗೆ ಹತ್ತೊಂಬತ್ತು. ಅವ್ವ ಸತ್ತಾಗ ಅವಳು ಐದರ ಕೂಸು, ಹನ್ನೆರಡರ ಪಾಪಮ್ಮಾಳೇ ಎತ್ತಿ ಆಡಿಸಿ ಬೆಳೆಸಿದ್ದು. ನಕ್ಕರೆ ಮೂರು ಮನೆಗೆ ಕೇಳುತ್ತಿತ್ತು. ಅಕ್ಕನ ತಲೆಗೆ ಬಿಸಿಬಿಸಿ ಹರಳೆಣ್ಣೆ ತಟ್ಟುತ್ತ ಅವಳೇ ಮಾತೆತ್ತಿದಳು.

“ಅಕ್ಕಾ, ನಾ ಒಪ್ಕಂಡೆ. ಅಪ್ಪಂಗೂ ಏಳ್ದೆ. ಮೊದ್ಲ ಕೂಸು ನಿಂದು. ಹೆತ್ತು ನಿನ್ ಮಡ್ಲಿಗೆ ಆಕ್ತೀನಿ, ಅತ್ರೂ ವಾಪಸ್ ಕೇಳಲ್ಲ. ಎರಡ್ನೇದು ನಂದು. ಸರಿ ದಾ?”

“ಬೇಡ ಪಾಂಡಿ.”

“ಯಾಕಂತೆ?”

“ನಿಂಗೆ ಬೇರೆ ಒಳ್ಳೇ ಗಂಡು ಸಿಕ್ತಾನೆ.”

“ಮಾವಂಗೇನು ಕಮ್ಮಿ?” ಪಾಂಡಿ ಅಕ್ಕನ ಕಿವಿ ಹಿಂಡಿದಳು. “ಓ, ಪಾಲು ಕೊಡಕ್ಕೆ ಮನ್ಸಿಲ್ಲ ಅನ್ನು!”

ಅದು ತಮಾಷೆಯ ಮಾತು. ಆದರೂ ಆ ಕೈ ಒಂದು ಗಳಿಗೆ ತಲೆಯ ಮೇಲೆ ನಿಂತಿತ್ತು, ಉತ್ತರಕ್ಕಾಗಿ. ಪಾಪಮ್ಮಾಳ್ ಆಗಲೇ ಹೇಳಿಬಿಡಬೇಕಿತ್ತು. ಅವಳಿಗೆ ಹೆದರಿಕೆಯಾಯಿತು. ಈ ಹುಡುಗಿ ತನ್ನನ್ನು ಒಮ್ಮೆ ಬೇರೆ ಥರ ನೋಡಿಬಿಟ್ಟರೆ ತನಗೆ ಈ ಲೋಕದಲ್ಲಿ ಇನ್ನು ಯಾರೂ ಇಲ್ಲ, ಆ ಹೆದರಿಕೆ. ನಾಳೆ ಹೇಳೋಣ ಎಂದುಕೊಂಡಳು. ಜಾತಕ ಕೂಡದೆ ಹೋಗಬಹುದು, ಅಪ್ಪ ಮನಸ್ಸು ಬದಲಿಸಬಹುದು ಎಂದುಕೊಂಡಳು. ಜಾತಕ ಕೂಡಿತು. ಅಪ್ಪನೂ, ಅಕ್ಕತಂಗಿಯರು ಒಂದೇ ಮನೆಯಲ್ಲಿ ಇರುತ್ತೀರಲ್ಲ ಎಂದು ಕಣ್ಣೊರೆಸಿಕೊಂಡ.

ಮದುವೆ ನಿಶ್ಚಯಕ್ಕೆ ವೀಳ್ಯದ ತಟ್ಟೆ ಎತ್ತುವ ಶಾಸ್ತ್ರ ಪೊಂಗಲಿನ ತೈ ತಿಂಗಳಿಗೆ ಗೊತ್ತಾಯಿತು. ಹಿಂದಿ ಬೇಡವೆಂದು ಮಧುರೆಯಲ್ಲಿ ಗಲಾಟೆ ಎದ್ದು, ಈ ಕಡೆಯ ಬಸ್ಸುಗಳೆಲ್ಲ ನಿಂತಿದ್ದ ದಿನಗಳು. ಓಡೈಪಟ್ಟಿಯವರು ಮೂರು ಗಾಡಿ ಕಟ್ಟಿಕೊಂಡು ನಸುಕಿಗೇ ಹೊರಟು, ಬಿಸಿಲೇರುವ ಹೊತ್ತಿಗೆ ತೇವಾರಂ ತಲುಪಿದರು. ಅಪ್ಪನ ಮನೆಯಂಗಳಕ್ಕೆ ಸಗಣಿ ಸಾರಿಸಿ ಚಾಪೆ ಹಾಸಿದ್ದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಹಿತ್ತಾಳೆ ತಟ್ಟೆ. ಅದರಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ, ಅರಿಶಿನದ ಕೊಂಬು. ಈ ಒಕ್ಕಲಲ್ಲಿ ಆ ತಟ್ಟೆಯ ಮೇಲೆ ಕಾಗೆ ಕೂತರೂ, ನಾಯಿ ಮೂಸಿದರೂ, ಯಾರ ಎಂಜಲು ತಾಗಿದರೂ ಸಂಬಂಧ ಮುರಿಯಿತು. ಆ ಎರಡು ಮನೆಗಳ ನಡುವೆ ಅದೇ ಹೆಣ್ಣಿಗೆ ಮತ್ತೆ ತಟ್ಟೆ ಎತ್ತುವ ಹಾಗಿಲ್ಲ. ಅದಕ್ಕೇ ತಟ್ಟೆಗೆ ಕೆಂಪು ಬಟ್ಟೆ ಮುಚ್ಚಿ, ಚಿನ್ನಮ್ಮಾಳ್ ಎಂಬ ಮುದುಕಿಯೊಬ್ಬಳನ್ನು ಬೀಸಣಿಗೆ ಕೊಟ್ಟು ಕಾವಲು ಕೂರಿಸಿದ್ದರು. ಅವಳು ನೊಣಕ್ಕೂ ಬೈಯುತ್ತಿದ್ದಳು.

ಇರುವ ಹೆಂಡತಿಯ ಮೇಲೆ ಇನ್ನೊಬ್ಬಳನ್ನು ತರುವುದಾದರೆ ಇರುವವಳೇ ತಟ್ಟೆ ಎತ್ತಿ ಕೊಡಬೇಕು. ಮೂರು ಸಲ ಕೇಳುತ್ತಾರೆ. ಪಾಂಡಿ ಹಸಿರು ಸೀರೆ ಉಟ್ಟು, ತಲೆ ತುಂಬ ಕನಕಾಂಬರ ಮುಡಿದು ಎದುರಿಗೆ ಕೂತಿದ್ದಳು. ಅಪ್ಪನ ಅಣ್ಣ, ಮನೆಗೆ ಹಿರಿಯ, ಗಂಟಲು ಸರಿಮಾಡಿಕೊಂಡ.

“ಪಾಪಾ, ನಿನ್ ತಂಗೀನ ನಿನ್ ಅಟ್ಟಿಗೆ ಕರ್ಕಂಬರಕ್ಕೆ ಒಪ್ಪಿಗೆ ದಾ?”

ಪಾಪಮ್ಮಾಳ್ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಿದ್ದಳು. ನಾಚಿಕೆ ಎಂದುಕೊಂಡು ಹೆಂಗಸರು ನಕ್ಕರು.

“ಎರಡ್ನೇ ಸಲ ಕೇಳ್ತೀನಿ. ಒಪ್ಪಿಗೆ ದಾ?”

“ಇಲ್ಲ ದೊಡ್ಡಪ್ಪಾ.” ತನ್ನ ದನಿ ತನಗೇ ದೂರದಲ್ಲಿ ಕೇಳಿಸಿತು. “ಡಾಕ್ಟರಮ್ಮ ಏಳಿದ್ದು ಕೊಟ್ಟಿಗೆ ಕರು ಅಲ್ಲ. ಒಟ್ಟೇಲಿರೋ ಕರು. ತಮಿಳಲ್ಲಿ ಪಿಂಡಕ್ಕೆ ಹಂಗಂತಾರೆ. ಅತ್ತೆ ತಪ್ಪಾಗಿ ತಿಳ್ಕಂಡು ಎದ್ದೋದ್ರು. ನನ್ ಕೂಸು ಉಳೀದಿರೋದು ಸಾಮಿ ಕುತ್ತದಿಂದ ಅಲ್ಲ. ಪರಂಗಿ ಕಾಯಿಲೆ ಇರೋದ್ರಿಂದ. ಅದಕ್ಕೆ ಊಸಿ ಐತೆ. ಆಕಿಸ್ಕಳ್ದೆ ಪಾಂಡೀನ ಕರ್ಕಂಡೋದ್ರೆ ಅವಳ್ಗೂ ಇದೇ ಗತಿ.”

ಅಂಗಳದಲ್ಲಿ ಬೀಸಣಿಗೆ ಸಹ ನಿಂತಿತು. ದೊಡ್ಡಪ್ಪ ಮುಂದಕ್ಕೆ ಬಾಗಿ ಕೇಳಿದ. “ಕಾಯಿಲೆ ಯಾರ ರತ್ತದಲ್ಲಿ?”

ಸುಳ್ಳು ಹೇಳಬಹುದಿತ್ತು. ಅವಳಿಗೆ ಹೊಳೆಯಲಿಲ್ಲ. “ನನ್ ರತ್ತದಲ್ಲಿ.”

“ಮಾಪಿಳ್ಳೆ ರತ್ತ ನೋಡಿದ್ರಾ?” ಎಂದು ದೊಡ್ಡಪ್ಪ ಅಳಿಯನ ಕಡೆ ಕೈ ತೋರಿಸಿದ.

“ಅವ್ರು ಬರ್ಲಿಲ್ಲ. ಅವ್ರಿಂದ ದಾ ನಂಗೆ ಬಂದಿದ್ದು. ಮಾವ, ಏಳಿ. ಚಪ್ಪರದ ಕೆಳ್ಗೆ ನನ್ಗೆ ಏಳಿದ್ದನ್ನ ಇಲ್ಲಿ ಒಂದ್ಸಲ ಏಳಿ.”

ಕರುಪ್ಪಯ್ಯ ತನ್ನ ಕಾಲಿನ ಉಗುರು ನೋಡಿಕೊಳ್ಳುತ್ತ ಕೂತಿದ್ದ. ಎಲ್ಲರೂ ಅವನನ್ನು ನೋಡಿದರು. “ನಂಗೇನೂ ಇಲ್ಲ,” ಎಂದ.

“ಕೇಳಿದ್ರಾ!” ಕಾಮಾಕ್ಷಿಯಮ್ಮಾಳ್ ಎದೆ ಹೊಡೆದುಕೊಂಡು ಎದ್ದಳು. “ಅವ್ಳ ಬಾಯಿಂದ್ಲೇ ಬಂತು! ಐದು ಕೂಸು ನುಂಗಿದ್ಲು. ತಾನು ಹೊತ್ತಿರೋ ದರಿದ್ರನ ನನ್ ಮಗನ ತಲೆಗೆ ಕಟ್ತಾಳೆ!”

ಪಾಪಮ್ಮಾಳ್ ಅಪ್ಪನ ಕಡೆ ತಿರುಗಿದಳು. ಅಪ್ಪ ಒಬ್ಬನಾದರೂ ಎದ್ದು, ಹಾಗಾದರೆ ಮಾಪಿಳ್ಳೆಯೂ ರಕ್ತ ಕೊಡಲಿ, ಆಮೇಲೆ ತಟ್ಟೆ ಎಂದರೆ ಸಾಕಿತ್ತು. ಒಂದೇ ಮಾತು. ಅಪ್ಪ ಟವಲಿನಲ್ಲಿ ಮುಖ ಒರೆಸಿಕೊಂಡು, “ಪಾಪಾ, ಎದ್ದು ಒಳಗೆ ಓಗು,” ಎಂದ.

ದೊಡ್ಡಪ್ಪ ಅಕ್ಕಪಕ್ಕದವರ ಜೊತೆ ಪಿಸಪಿಸ ಮಾತಾಡಿದ. ನ್ಯಾಯ ತೀರಿತು. ಕಾಯಿಲೆಯವಳ ಒಪ್ಪಿಗೆ ಬೇಕಿಲ್ಲ, ಅವಳು ಒಂದು ಮೂಲೆಯಲ್ಲಿ ಇರಲಿ, ಆ ಮನೆಗೆ ಒಳ್ಳೆಯ ಹೆಣ್ಣು ಈಗಲೇ ಹೆಚ್ಚು ಬೇಕು. ತಟ್ಟೆಯನ್ನು ಕಾಮಾಕ್ಷಿಯಮ್ಮಾಳೇ ಎತ್ತಿಕೊಡಲಿ. ನಿಜ ಹೇಳಿದ್ದಕ್ಕೆ ಸಿಕ್ಕಿದ್ದು ಇದು! ಚಿನ್ನಮ್ಮಾಳ್ ಕೆಂಪು ಬಟ್ಟೆ ತೆಗೆದಳು. ಪಾಂಡಿ ಅಕ್ಕನ ಕಡೆ ನೋಡಲೇ ಇಲ್ಲ. ಮುಖ ಬಿಳಿಚಿತ್ತು, ಆದರೂ ಹೇಳಿದ ಹಾಗೆ ಎರಡು ಕೈ ಮುಂದಕ್ಕೆ ಒಡ್ಡಿದಳು. ಆ ಕೈಗೆ ರಾತ್ರಿಯೇ ಮದರಂಗಿ ಹಚ್ಚಿದ್ದರು.

ಪಾಪಮ್ಮಾಳ್ ಎದ್ದದ್ದನ್ನು ಎಲ್ಲರೂ ನೋಡಿದರು. ಒಳಗೆ ಹೋಗುತ್ತಾಳೆ ಎಂದುಕೊಂಡು ದಾರಿ ಬಿಟ್ಟರು. ಅವಳು ಎರಡು ಹೆಜ್ಜೆ ಇಟ್ಟು ತಟ್ಟೆಯ ಮುಂದೆ ಕುಕ್ಕರಿಸಿದಳು. ಮೇಲಿನ ಎಲೆ ತೆಗೆದು ಕಚ್ಚಿ, ಅರ್ಧವನ್ನು ತಟ್ಟೆಗೆ ಹಾಕಿದಳು. ಇನ್ನೊಂದು ಎಲೆ. ಇನ್ನೊಂದು. ಬಾಳೆಹಣ್ಣನ್ನು ಸಿಪ್ಪೆ ಸಮೇತ ಕಚ್ಚಿದಳು. ಅರಿಶಿನದ ಕೊಂಬನ್ನು ಬಾಯಲ್ಲಿಟ್ಟು ತೆಗೆದು ಎಲೆಗಳ ಮೇಲೆ ಇಟ್ಟಳು. ಬೀಸಣಿಗೆಯ ಕೋಲು ಬೆನ್ನಿಗೆ, ಭುಜಕ್ಕೆ ಬಿತ್ತು. ಯಾರೋ ಜಡೆ ಹಿಡಿದು ಎಳೆದರು. ಅಷ್ಟರೊಳಗೆ ಅವಳು ತೆಂಗಿನಕಾಯಿಯ ಜುಟ್ಟಿಗೂ ನಾಲಗೆ ತಾಗಿಸಿದ್ದಳು.

“ಪರಂಗಿ ಐತೆ ನಂಗೆ,” ಎಂದಳು, ತುಟಿಯಂಚಿನಲ್ಲಿ ಎಲೆಯ ರಸ ಇಳಿಯುತ್ತಿತ್ತು. “ನೀವೇ ತೀರ್ಪು ಕೊಟ್ರಲ್ಲ. ಈಗ ಎತ್ರಿ ತಟ್ಟೆ. ಯಾರ್ ಎತ್ತೀರೋ ಎತ್ರಿ, ನೋಡ್ತೀನಿ.”

ಯಾರೂ ಎತ್ತಲಿಲ್ಲ. ಅವಳಿಗೆ ಒಂದು ಕೆಟ್ಟ ಸಂತೋಷವಾಯಿತು. ಐದು ಸಲ ಸೋತ ಮೈ ಒಂದು ಸಲ ಗೆದ್ದಿತ್ತು.

ಗಾಡಿಗಳು ಉಣ್ಣದೆಯೇ ಹೊರಟವು. ಕಾಮಾಕ್ಷಿಯಮ್ಮಾಳ್ ಗಾಡಿಯಲ್ಲಿ ಕೂತು, ಮನೆಗೆ ದೀಪ ಇಲ್ಲದಂತಾಯಿತು ಎಂದು ನಿಜವಾಗಿಯೂ ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಆ ಅಳು ಕೇಳಿ ಪಾಪಮ್ಮಾಳಿಗೂ ಕಣ್ಣು ತುಂಬಿತು. ಕರುಪ್ಪಯ್ಯ ಎತ್ತಿನ ಕೊರಳ ಹಗ್ಗ ಬಿಗಿದ, ಸಡಿಲಿಸಿದ, ಮತ್ತೆ ಬಿಗಿದ. ಒಂದು ಸಲವೂ ಹಿಂದೆ ನೋಡಲಿಲ್ಲ. ಅವಳ ಬಟ್ಟೆಯ ಗಂಟು ಆ ಗಾಡಿಯಲ್ಲೇ ಇತ್ತು, ಗಾಡಿಯ ಜೊತೆಗೇ ಹೋಯಿತು. ಯಾರೋ ತಟ್ಟೆಯನ್ನು ಕೋಲಿನಿಂದ ತಳ್ಳಿಕೊಂಡು ಹೋಗಿ ಚರಂಡಿಗೆ ಕೆಡವಿದರು. ಅಪ್ಪ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹೋಗು ಎಂದು ಯಾರೂ ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಅವಳು ನಿಂತ ಜಾಗಕ್ಕೆ ಒಬ್ಬಳು ಸಗಣಿ ನೀರು ಹಾಕಲು ಕಾಯುತ್ತಿದ್ದಳು. ಪಾಪಮ್ಮಾಳ್ ಹೊರಗೆ ನಡೆದಳು.

ಊರ ಹೊರಗೆ ರಸ್ತೆಯಂಚಿನ ಹುಣಸೆಮರದ ಕೆಳಗೆ ಒಂದು ಕಲ್ಲು. ಅಲ್ಲಿ ಕೂತಳು. ಮಧ್ಯಾಹ್ನದ ಬಿಸಿಲಿಗೆ ಬೆಟ್ಟ ಹತ್ತಿರ ಬಂದ ಹಾಗೆ ಕಾಣುತ್ತಿತ್ತು. ಸುಣ್ಣ ಇಲ್ಲದ ಬರೀ ಎಲೆ ಅಗಿದು ಬಾಯಿ ಒಗರಾಗಿ, ನಾಲಗೆ ಅಂಗುಳಿಗೆ ಅಂಟಿತ್ತು. ತೇನಿಗೆ ನಡೆದರೆ ಎಷ್ಟು ಹೊತ್ತಾದೀತು, ಅಲ್ಲಿಂದ ದಿಂಡುಕಲ್ಲಿಗೆ ಲಾರಿಯಾದರೂ ಇದ್ದೀತೇ ಎಂದು ಯೋಚಿಸುತ್ತಿದ್ದಳು. ಆ ಡಾಕ್ಟರಮ್ಮ ತನ್ನನ್ನು ಮರೆತಿರಲಿಕ್ಕಿಲ್ಲ.

ಪಾಂಡಿ ಬಂದಳು. ಹಸಿರು ಸೀರೆಯನ್ನು ಬದಲಾಯಿಸಿದ್ದಳು. ತಲೆಯಲ್ಲಿ ಹೂವಿರಲಿಲ್ಲ. ಕೈಯಲ್ಲಿ ನೀರಿನ ಚೊಂಬು ಇತ್ತು. ಅತ್ತದ್ದರಿಂದ ಕಣ್ಣು ಊದಿಕೊಂಡಿದ್ದವು, ಆದರೆ ಈಗ ಅಳುತ್ತಿರಲಿಲ್ಲ. ನಾಲ್ಕು ಮಾರು ದೂರದಲ್ಲಿ ನಿಂತಳು.

“ನಾಳೆಯಿಂದ ಬಸ್ಸು ಓಡುತ್ತಂತೆ,” ಎಂದಳು.

“ಆಮಾ? ನಿಜ್ವಾ?”

“ಆಮಾ. ಟೀ ಅಂಗ್ಡೀಲಿ ಏಳ್ತಿದ್ರು.”

ಪಾಪಮ್ಮಾಳ್ ಎದ್ದು ಹತ್ತಿರ ಹೋಗಿ ಚೊಂಬಿಗೆ ಕೈ ಚಾಚಿದಳು. ಪಾಂಡಿ ಅದನ್ನು ಎದೆಗೆ ಒತ್ತಿಕೊಂಡು ಅರ್ಧ ಹೆಜ್ಜೆ ಹಿಂದೆ ಸರಿದಳು.

“ಕೈ ಒಡ್ಡು ಅಕ್ಕಾ,” ಎಂದಳು ಪಾಂಡಿ.

ಪಾಪಮ್ಮಾಳ್ ಬಗ್ಗಿ ಎರಡೂ ಕೈ ಸೇರಿಸಿ ಬೊಗಸೆಯನ್ನು ಬಾಯಿಗೆ ಹಿಡಿದಳು. ಪಾಂಡಿ ಚೊಂಬನ್ನು ತನ್ನ ಭುಜದ ಮಟ್ಟಕ್ಕೆ ಎತ್ತಿ, ಅಷ್ಟು ಮೇಲಿನಿಂದ, ಸಣ್ಣ ಧಾರೆಯಾಗಿ ಸುರಿದಳು. ಬೊಗಸೆ ತುಂಬಿ ಮೊಣಕೈಯಿಂದ ಇಳಿದ ನೀರು ನೆಲಕ್ಕೆ ಬಿದ್ದು ಪಾಂಡಿಯ ಪಾದಕ್ಕೆ ಎರಡು ಹನಿ ಸಿಡಿಯಿತು. ಅವಳು ಥಟ್ಟನೆ ಕಾಲು ಎಳೆದುಕೊಂಡು, ಒಣಮಣ್ಣಿನಲ್ಲಿ ಒರೆಸಿದಳು.

“ಸಾಕಾ?” ಎಂದು ಕೇಳಿದಳು.

“ಇನ್ನೊಂದೀಟು ಆಕು,” ಎಂದು ಪಾಪಮ್ಮಾಳ್ ಮತ್ತೆ ಬೊಗಸೆ ಒಡ್ಡಿದಳು.